ಬಿಯರ್ ನಮ್ಮೂರದು, ಅಕ್ಷರ ಯಾರದು?

(ಬಾಗಲೂರಿನಲ್ಲಿ ನಡೆದ ಕನ್ನಡ ಗೆಳೆಯರ ಕೂಟದಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗೆ ಭಾಷಣ ಬರುವುದಿಲ್ಲ. ಓದಿದ್ದು ಪಿಯುಸಿ. ಇಪ್ಪತ್ತೈದು ವರ್ಷಗಳಿಂದ ಬೇರೆಯವರ ಭಾಷಣದ ಕರಪತ್ರ ಅಚ್ಚು ಹಾಕಿದ್ದೇನೆಯೇ ಹೊರತು ನಾನೇ ಮೈಕ್ ಹಿಡಿದವನಲ್ಲ. ಕೂಟದವರು ಪ್ರೆಸ್ಸಿಗೆ ಬಂದು ‘ನಿಮ್ಮ ಹರೆಯದಲ್ಲಿ ಇದ್ದು ಈಗ ಇಲ್ಲದ ಏನಾದರೊಂದರ ಬಗ್ಗೆ ಮಾತಾಡಿ’ ಅಂದರು. ಕೆರೆ ಹೋದದ್ದು, ತೋಪು ಹೋದದ್ದು, ಗದ್ದೆ ಹೋಗಿ ಲೇಔಟ್ ಆದದ್ದು ಹೇಳಲು ಬೇಕಾದಷ್ಟು ಜನ ಇದ್ದಾರೆ. ನಾನು ಬಿಯರ್ ಬಗ್ಗೆ ಹೇಳುತ್ತೇನೆ ಅಂದೆ. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯರು ‘ಹೇಳ್ಲಿ ಬಿಡ್ರಪ್ಪಾ, ಕುಡೀದೆ ಇರೋರು ಕಿವಿ ಮುಚ್ಕೊಳ್ಳಿ’ ಅಂದರು. ಅವರ ಧೈರ್ಯದ ಮೇಲೆ ನಿಂತಿದ್ದೇನೆ. ಪತ್ರಿಕೆಯಲ್ಲಿ ಇದನ್ನು ಓದುವ ನೀವೂ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತಿದ್ದೀರಿ ಅಂತಲೇ ತಿಳಿದು ಮಾತಾಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಕುಡಿತದ ವಕಾಲತ್ತು ವಹಿಸಲು ಬಂದವನಲ್ಲ. ನಮ್ಮ ಮನೆಯಲ್ಲೇ ಒಂದು ಜೀವ ಅದರಿಂದ ಹೋಗಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಬಿಯರಿನ ರುಚಿ ಮೊದಲು ಕಂಡದ್ದು ನಾನಲ್ಲ, ನಮ್ಮ ಹಸು! ನಗಬೇಡಿ. ನಾನು ಚಿಕ್ಕವನಿದ್ದಾಗ, ಅಂದರೆ ಎಂಬತ್ತರ ದಶಕದಲ್ಲಿ, ನಮ್ಮ ಕಡೆ ಹೈನು ಮಾಡುವವರು ಬೆಂಗಳೂರಿನ ಬಿಯರ್ ಕಾರ್ಖಾನೆಗಳಿಂದ ಬರುವ ಬಾರ್ಲಿಯ ಹೊಟ್ಟನ್ನು ಹಸುವಿಗೆ ಹಾಕುತ್ತಿದ್ದರು. ಟ್ರ್ಯಾಕ್ಟರಿನಲ್ಲಿ ಬರುತ್ತಿತ್ತು. ಒದ್ದೆ ಹೊಟ್ಟು, ಹುಳಿ ಹುಳಿ ವಾಸನೆ, ಎರಡು ದಿನ ಬಿಟ್ಟರೆ ಮೂಗು ಹಿಡಿಯಬೇಕು. ತಿಂದ ಹಸುವಿಗೆ ಅಮಲೇರಿ ತೂರಾಡುತ್ತದೆ ಅಂತ ನಾವು ಹುಡುಗರು ಕೊಟ್ಟಿಗೆ ಮುಂದೆ ಕಾದು ಕೂರುತ್ತಿದ್ದೆವು. ಹಸು ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿತ್ತು. ಅಮಲು ಹೇಗೆ ಏರಬೇಕು? ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಒಡೆದು ಬಿಸಿನೀರಿಗೆ ಹಾಕಿ ಸಿಹಿ ರಸ ಬಸಿದುಕೊಳ್ಳುತ್ತಾರೆ. ಉಳಿದ ಹೊಟ್ಟು ಹಸುವಿನ ಪಾಲು. ರಸಕ್ಕೆ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟ ಮೇಲೆಯೇ ಅದು ಹುದುಗಿ ಬಿಯರ್ ಆಗುವುದು. ಹಸುವಿಗೆ ಸಿಕ್ಕಿದ್ದು ಅದಕ್ಕೂ ಮುಂಚಿನದು. ನಮ್ಮ ಮನೆ ಕಾಫಿಯ ಹಾಲಿನಲ್ಲಿ ಬಿಯರ್ ಕಾರ್ಖಾನೆಯ ಋಣ ಇತ್ತು ಅನ್ನುವುದಂತೂ ಸುಳ್ಳಲ್ಲ.

ಬೆಂಗಳೂರಿಗೂ ಬಿಯರಿಗೂ ನಂಟು ಹೇಗಾಯಿತು? ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು ಕಟ್ಟಿಕೊಂಡರು. ಗೋರಾ ಸೋಲ್ಜರಿಗೆ ಬಿಯರ್ ಬೇಕಿತ್ತು. ಹಡಗಿನಲ್ಲಿ ತರಿಸಿದ್ದು ಸಾಲದೆ ಇಲ್ಲೇ ಮಾಡತೊಡಗಿದರು. ದಕ್ಷಿಣ ಭಾರತದ ಐದು ಸಣ್ಣ ಬಿಯರ್ ಕಾರ್ಖಾನೆಗಳನ್ನು 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ಒಂದು ಮಾಡಿದ. ಅದೇ ಯುನೈಟೆಡ್ ಬ್ರೂವರೀಸ್, ಯು.ಬಿ. ದೊಡ್ಡ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಯ ಮೇಲೆ ದಂಡಿಗೆ ಸಾಗಿಸುತ್ತಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠ್ಠಲ ಮಲ್ಯರ ಕೈಗೆ ಬಂತು. ಅವರ ಮನೆತನದ ಮೂಲ ಬಂಟ್ವಾಳ. ಊರಿನ ನಟ್ಟ ನಡುವೆ, ಕಬ್ಬನ್ ಪಾರ್ಕಿನ ಹತ್ತಿರ, ಆಗಿನ ಗ್ರ್ಯಾಂಟ್ ರಸ್ತೆಯಲ್ಲಿ ಅವರ ಬಿಯರ್ ಕಾರ್ಖಾನೆ. ಆ ರಸ್ತೆಗೇ ಈಗ ವಿಠ್ಠಲ ಮಲ್ಯ ರಸ್ತೆ ಅಂತ ಹೆಸರು. ಚಿಕ್ಕವನಾಗಿದ್ದಾಗ ಅಪ್ಪನ ಜೊತೆ ಕಬ್ಬನ್ ಪಾರ್ಕಿನ ರೈಲು ಹತ್ತಲು ಹೋದರೆ ಗಾಳಿ ಆ ಕಡೆಯಿಂದ ಬೀಸಿದಾಗ ಒಂದು ವಾಸನೆ ಬರುತ್ತಿತ್ತು. ಗಂಜಿ ಕುದಿಸಿದ ಹಾಗೆ, ಸ್ವಲ್ಪ ಬೆಲ್ಲದ ಹಾಗೆ. ‘ಅಪ್ಪಾ, ನಮ್ ಕೊಟ್ಗೆ ವಾಸ್ನೆ’ ಅಂತ ನಾನು ಅಂದೆನಂತೆ. ಅಪ್ಪ ಸಾಯುವವರೆಗೂ ಅದನ್ನು ಹೇಳಿ ನಗುತ್ತಿದ್ದರು. ಆ ಜಾಗದಲ್ಲಿ 2008ರಲ್ಲಿ ಯು.ಬಿ. ಸಿಟಿ ಎದ್ದಿತು. ಈಗ ಅಲ್ಲಿ ಬರುವುದು ಸೆಂಟಿನ ವಾಸನೆ.

ನಮ್ಮ ಉತ್ತರದ ಕಡೆಯೂ ಕಡಿಮೆ ಇರಲಿಲ್ಲ. ಯಶವಂತಪುರದ ಜಾಲಹಳ್ಳಿ ಕ್ಯಾಂಪ್ ರಸ್ತೆಯಲ್ಲಿ ಮೈಸೂರು ಬ್ರೂವರೀಸ್ ಇತ್ತು. ಅವರ ಬಿಯರ್ ನಾಕ್‌ಔಟ್. ಲೇಬಲ್ ಮೇಲೆ ಇಬ್ಬರು ಬಾಕ್ಸಿಂಗ್ ಆಡುವ ಚಿತ್ರ.

ಈಗ ನನ್ನ ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಈ ಮಾತೆಲ್ಲ ಅವನಿಗಾಗಿಯೇ.

ಚಿಕ್ಕಪ್ಪ ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಪೇಪರ್ ಬೆರಳಿಟ್ಟು ಪೂರ್ತಿ ಓದುತ್ತಿದ್ದ, ಸಿನಿಮಾ ಜಾಹೀರಾತೂ ಬಿಡುತ್ತಿರಲಿಲ್ಲ. ಇಂಗ್ಲಿಷು ಒಂದಕ್ಷರ ಬರದು. ಕೆಲಸ ಸಿಟಿಯಲ್ಲಿ, ಜಾಲಿ ಮೊಹಲ್ಲಾ ಕಡೆಯ ಒಂದು ಹಳೇ ಸೀಸೆ ಗೋಡೌನಿನಲ್ಲಿ. ಬೆಳಗ್ಗೆ ಬಿ.ಟಿ.ಎಸ್. ಬಸ್ಸು ಹತ್ತಿ ಹೋದರೆ ರಾತ್ರಿ ಬರುತ್ತಿದ್ದ. ಬೀದಿ ಬೀದಿಯಲ್ಲಿ ‘ಹಳೇ ಪೇಪರ್, ಖಾಲಿ ಸೀಸೆ’ ಅಂತ ಕೂಗಿ ತಂದ ಮಾಲೆಲ್ಲ ಅಲ್ಲಿಗೆ ಬೀಳುತ್ತಿತ್ತು. ಬಿಯರ್ ಸೀಸೆ 650 ಮಿಲಿಯದು, ತೊಳೆದು ಮತ್ತೆ ತುಂಬುವಂಥದು. ಕಾರ್ಖಾನೆಯ ಹೆಸರು ಗಾಜಿನಲ್ಲೇ ಉಬ್ಬಿಕೊಂಡಿದ್ದರೆ ಅದು ಅದೇ ಕಾರ್ಖಾನೆಗೆ ವಾಪಸು ಹೋಗಬೇಕು. ಕಂಠ ಒಡೆದಿದ್ದರೆ ಗಾಜು ಕರಗಿಸುವವರಿಗೆ. ಇದನ್ನೆಲ್ಲ ಕೈಯಲ್ಲೇ ಆರಿಸಿ ಬೇರೆ ಮಾಡುವುದು ಚಿಕ್ಕಪ್ಪನ ಕೆಲಸ. ಅವನ ಎಡಗೈ ಹೆಬ್ಬೆರಳ ಬುಡದಲ್ಲಿ ಗಾಜು ಸೀಳಿದ ಗುರುತು ರೈಲು ಹಳಿಯ ಹಾಗೆ ಇತ್ತು.

ಅಕ್ಷರ ಬರದವನು ಬ್ರಾಂಡ್ ಹೇಗೆ ಬೇರೆ ಮಾಡುತ್ತಿದ್ದ? ಚಿತ್ರ ನೋಡಿ, ಬೆರಳಲ್ಲಿ ಸವರಿ! ಕಿಂಗ್‌ಫಿಶರ್ ಅವನಿಗೆ ‘ಹಕ್ಕಿ’. ನಾಕ್‌ಔಟ್ ‘ಗುದ್ದಾಟ’. ಯು.ಬಿ.ಯವರ ಗುರುತು ರೆಕ್ಕೆ ಇರುವ ಕುದುರೆ ತಾನೇ, ಅದು ‘ಕುದುರೆ’. ಗೋಡೌನಿನಲ್ಲಿ ಎಲ್ಲರೂ ಹೀಗೇ ಮಾತಾಡುತ್ತಿದ್ದರಂತೆ. ‘ಹಕ್ಕಿ ಇನ್ನೂರು, ಕುದುರೆ ಎಂಬತ್ತು, ಗುದ್ದಾಟ ಅರವತ್ತು.’ ಇದು ನಮ್ಮ ಜನ ಕಟ್ಟಿಕೊಂಡ ಕನ್ನಡ. ಯಾವ ನಿಘಂಟಿನಲ್ಲೂ ಇಲ್ಲ.

ನನಗೆ ಲೇಬಲ್ಲಿನ ಹುಚ್ಚು ಹಿಡಿಸಿದವನೂ ಅವನೇ. ಸುಕ್ಕಾಗದ ಲೇಬಲ್ ಇರುವ ಸೀಸೆ ಸಿಕ್ಕರೆ ಚೀಲದಲ್ಲಿ ತರುತ್ತಿದ್ದ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಸೀಸೆ ಮುಳುಗಿಸಿಟ್ಟರೆ ಸ್ವಲ್ಪ ಹೊತ್ತಿಗೆ ಲೇಬಲ್ ತಾನಾಗಿ ತೇಲಿ ಬರುತ್ತಿತ್ತು. ಅದೇ ಸೀಸೆಯನ್ನು ಮಂಜುಗಡ್ಡೆ ನೀರಿನಲ್ಲಿ ಗಂಟೆಗಟ್ಟಲೆ ಇಡಿ, ಅಲ್ಲಾಡುವುದಿಲ್ಲ. ಯಾಕೆ ಅಂತ ನನಗೆ ತಿಳಿದದ್ದು ಅಚ್ಚಿನ ಕೆಲಸಕ್ಕೆ ಬಂದ ಮೇಲೆ. ಅದಕ್ಕೆ ಬಳಸುವುದು ಹಾಲಿನಿಂದ ತೆಗೆದ ಕೇಸಿನ್ ಅಂಟು. ತಣ್ಣೀರಿಗೆ ಜಗ್ಗುವುದಿಲ್ಲ, ಬಿಸಿ ಕ್ಷಾರದ ನೀರಿಗೆ ಬಿಡುತ್ತದೆ. ಕಾಗದವೂ ಒಂದೇ ಮಗ್ಗುಲು ನಯ ಇರಬೇಕು, ನೀರಿನಲ್ಲಿ ಮೆತ್ತಗಾಗಿ ಹರಿಯಬಾರದು. ನಾರಿನ ಓಟ ತಪ್ಪಿ ಕತ್ತರಿಸಿದರೆ ಅಂಟು ಹಚ್ಚಿದೊಡನೆ ತಪ್ಪು ಕಡೆಗೆ ಸುರುಳಿ ಸುತ್ತಿಕೊಂಡು ಸೀಸೆಗೆ ಕೂರುವುದೇ ಇಲ್ಲ. ನೀವು ಉಗುರಲ್ಲಿ ಕೆರೆದು ಬಿಸಾಡುವ ಆ ತುಂಡು ಕಾಗದದ ಹಿಂದೆ ಅಷ್ಟು ಲೆಕ್ಕ ಇದೆ ಸ್ವಾಮಿ!

ಮುಚ್ಚಳವನ್ನೂ ನಾವು ಬಿಡುತ್ತಿರಲಿಲ್ಲ. ಎಣಿಸಿ ನೋಡಿ, ಅದಕ್ಕೆ 21 ಹಲ್ಲು. ಕಲ್ಲಿನಲ್ಲಿ ಚಪ್ಪಟೆ ಬಡಿದು, ಎರಡು ತೂತು ಮಾಡಿ, ದಾರ ಪೋಣಿಸಿ ಎಳೆದರೆ ಗುಂಯ್ ಅಂತ ತಿರುಗುತ್ತಿತ್ತು. ಇಲ್ಲಿ ಕೂತಿರುವ ನಲವತ್ತು ದಾಟಿದ ಗಂಡಸರಲ್ಲಿ ಅದರಿಂದ ಬೆರಳು ಕುಯ್ದುಕೊಳ್ಳದವರು ಕೈ ಎತ್ತಿ ನೋಡೋಣ.

ನಾನು ಮೊದಲ ಬಿಯರ್ ಕುಡಿದದ್ದು 1999ರಲ್ಲಿ. ಇಪ್ಪತ್ತೊಂದು ತುಂಬಿತ್ತು, ಅಪ್ಪನ ಪ್ರೆಸ್ಸಿನಲ್ಲಿ ಕೂತಿದ್ದೆ. ಮೂವರು ಗೆಳೆಯರು ಸೈಕಲ್ ತುಳಿದು ಯಲಹಂಕಕ್ಕೆ ಹೋದೆವು. ಬಾಗಲೂರಿನಲ್ಲೇ ಕುಡಿದರೆ ಸುದ್ದಿ ನಮಗಿಂತ ಮುಂಚೆ ಮನೆ ಸೇರುತ್ತದೆ. ಬಾರಿನೊಳಗೆ ಕೆಂಪು ಬಲ್ಬು, ಕತ್ತಲು. ಬೇಯಿಸಿದ ಕಡಲೆಕಾಯಿಗೆ ಈರುಳ್ಳಿ, ಮೆಣಸಿನಕಾಯಿ ಕಲಸಿ ತಂದಿಟ್ಟರು. ಸೀಸೆ ಬಂತು. ಜೊತೆಗಿದ್ದ ಅನುಭವಸ್ಥನೊಬ್ಬ ‘ತಡೀರೋ’ ಅಂದು ಒಂದು ಲೋಟ ನೀರು ತರಿಸಿ, ಮುಚ್ಚಳ ತೆಗೆದು, ಸೀಸೆಯನ್ನು ತಲೆಕೆಳಗು ಮಾಡಿ ಕಂಠವನ್ನು ನೀರಿನಲ್ಲಿ ಅದ್ದಿದ. ಎಣ್ಣೆಯ ಎಳೆಯ ಹಾಗೆ ಏನೋ ಕೆಳಗಿಳಿಯಿತು. ‘ನೋಡ್ರೋ, ಗ್ಲಿಸರಿನ್! ಇದು ಹೋಗ್ದೆ ಕುಡಿದ್ರೆ ಬೆಳಗ್ಗೆ ತಲೆ ಒಡೀತದೆ.’ ನಾವು ಕೈ ಮುಗಿಯುವುದೊಂದು ಬಾಕಿ. ಆ ಕಾಲದಲ್ಲಿ ಬಾರಿಗೆ ಹೋದವರೆಲ್ಲ ಈ ಪೂಜೆ ನೋಡಿರುತ್ತೀರಿ. ಇಳಿಯುತ್ತಿದ್ದುದು ಬಿಯರೇ ಸ್ವಾಮಿ! ಬಿಯರ್ ನೀರಿಗಿಂತ ಚೂರು ಭಾರ. ತಣ್ಣನೆಯ ಬಿಯರ್ ಇನ್ನಷ್ಟು ಭಾರ. ಅದು ಕೆಳಗೆ ಇಳಿಯುತ್ತದೆ, ಲೋಟದ ನೀರು ಮೇಲೇರಿ ಸೀಸೆ ಸೇರುತ್ತದೆ. ಎರಡು ದ್ರವ ಬೆರೆಯುವಾಗ ಬೆಳಕು ಬಾಗಿ ಎಣ್ಣೆಯಂತೆ ಕಾಣುತ್ತದೆ. ಕಾಸು ಕೊಟ್ಟು ಕೊಂಡ ಬಿಯರನ್ನು ಲೋಟಕ್ಕೆ ಚೆಲ್ಲಿ, ನಲ್ಲಿ ನೀರನ್ನು ಸೀಸೆಗೆ ಕುಡಿಸಿ, ಆಮೇಲೆ ಅದನ್ನು ನಾವು ಕುಡಿಯುತ್ತಿದ್ದೆವು!

ಆ ದಿನ ಕುಡಿದದ್ದು ಚಿಕ್ಕಪ್ಪನ ‘ಗುದ್ದಾಟ’. ರುಚಿ ಹೇಗಿತ್ತು? ಕಹಿ. ಮೊದಲ ಗುಟುಕಿಗೆ ಬೇವಿನ ಕಷಾಯ ನೆನಪಾಯಿತು. ಮೂರನೇ ಗುಟುಕಿಗೆ ಆ ಕಹಿಯ ಹಿಂದೆ ಕೊಟ್ಟಿಗೆಯ ಹೊಟ್ಟಿನ ವಾಸನೆ ಸಿಕ್ಕಿತು. ಇದು ಗೊತ್ತಿರುವ ವಾಸನೆ, ನಮ್ಮನೇದು ಅನ್ನಿಸಿತು. ಹಳೇ ಬಿಯರ್ ನೆನೆದು ಬಾಯಿ ಚಪ್ಪರಿಸುವವರನ್ನು ಕೇಳಿ, ಎಲ್ಲರಿಗೂ ಇಂಥದೇನೋ ಒಂದು ಇರುತ್ತದೆ. ಒಬ್ಬರಿಗೆ ಯು.ಬಿ. ಎಕ್ಸ್‌ಪೋರ್ಟ್ ಜೊತೆ ಮೊದಲ ಸಂಬಳ, ಇನ್ನೊಬ್ಬರಿಗೆ ಕಲ್ಯಾಣಿ ಬ್ಲ್ಯಾಕ್ ಲೇಬಲ್ ಜೊತೆ ಕೈ ತಪ್ಪಿದ ಹುಡುಗಿ.

ಆಮೇಲೆ ಏನಾಯಿತು? ದಕ್ಷಿಣ ಆಫ್ರಿಕಾದ ಎಸ್.ಎ.ಬಿ. ಕಂಪನಿ 2001ರಲ್ಲಿ ಮೈಸೂರು ಬ್ರೂವರೀಸನ್ನು ಕೊಂಡಿತು. ಆ ಎಸ್.ಎ.ಬಿ. ಮಿಲ್ಲರನ್ನು 2016ರಲ್ಲಿ ಬೆಲ್ಜಿಯಮ್ಮಿನ ಎ.ಬಿ. ಇನ್‌ಬೆವ್ ನುಂಗಿತು. ಹಳೇ ಹೆಸರಾದ ಕಿಂಗ್‌ಫಿಶರನ್ನು 1978ರಲ್ಲಿ ವಿಜಯ್ ಮಲ್ಯ ಮತ್ತೆ ಮಾರುಕಟ್ಟೆಗೆ ತಂದಿದ್ದರು. 2016ರಲ್ಲಿ ಅವರು ದೇಶ ಬಿಟ್ಟರು. 2021ರಲ್ಲಿ ಯು.ಬಿ.ಯ ಹಿಡಿತ ಹಾಲೆಂಡಿನ ಹೈನೆಕೆನ್ ಕೈ ಸೇರಿತು. ಹಕ್ಕಿ ಇದೆ, ಗುದ್ದಾಟವೂ ಇದೆ. ಲಾಭ ಎಣಿಸುವ ಮನೆ ಮಾತ್ರ ಬೇರೆ.

ರುಚಿ ಬದಲಾದದ್ದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಹರೆಯದಲ್ಲಿ ನೂರಕ್ಕೆ ಐದರಷ್ಟು ಅಮಲಿನ ಲಾಗರ್ ಕುಡಿಯುವವರೂ ಬೇಕಾದಷ್ಟು ಇದ್ದರು. ಈಗ ಈ ದೇಶದಲ್ಲಿ ಮಾರುವ ಬಿಯರಿನಲ್ಲಿ ಬಹುಪಾಲು ‘ಸ್ಟ್ರಾಂಗ್’, ಎಂಟರವರೆಗೂ ಹೋಗುತ್ತದೆ. ಬಡವ ಲೆಕ್ಕ ಹಾಕುತ್ತಾನೆ. ಎರಡಕ್ಕೂ ಹೆಚ್ಚುಕಡಿಮೆ ಅದೇ ತೆರಿಗೆ, ಅದೇ ಬೆಲೆ ಇದ್ದರೆ ಬೇಗ ಏರುವುದನ್ನೇ ಕೊಳ್ಳುತ್ತಾನೆ. ಅವನದು ತಪ್ಪಲ್ಲ. 2025ರ ಜನವರಿಯಲ್ಲಿ ನಮ್ಮ ಸರ್ಕಾರ ಸ್ಟ್ರಾಂಗ್ ಬಿಯರಿನ ಸುಂಕವನ್ನು ಬೇರೆ ಮಾಡಿ ಏರಿಸಿತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ನಾಲಿಗೆ ಬದಲಾಗಿ ಹೋಗಿತ್ತು.

ಹೆಣ್ಣೂರು–ಬಾಗಲೂರು ರಸ್ತೆಯಲ್ಲಿ ಈಗ ಅಲ್ಲೇ ಬಿಯರ್ ಮಾಡಿ ಅಲ್ಲೇ ಕುಡಿಸುವ ದೊಡ್ಡ ಹೋಟೆಲು ಇದೆ. ಮಗನ ಬಲವಂತಕ್ಕೆ ಒಮ್ಮೆ ಹೋಗಿದ್ದೆ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಬಿಲ್ಲು ನೋಡಿದ ಮೇಲೆ ಇಳಿಯಿತು.

ಈಗ ಸಿಹಿ ಅಲ್ಲದ ಮಾತು. ಬಾಗಲೂರಿನ ಎಷ್ಟು ಜನ ಆ ಕಾಲದಲ್ಲಿ ಬಿಯರ್ ಕುಡಿದರು? ಸೀಸೆ ಆರಿಸುವ ಚಿಕ್ಕಪ್ಪನಿಗೇ ಅದು ಕೈಗೆಟುಕುತ್ತಿರಲಿಲ್ಲ. ದಿನಕ್ಕೆ ಸಾವಿರ ಬಿಯರ್ ಸೀಸೆ ಮುಟ್ಟಿ, ಸಂಜೆ ಅವನು ಕುಡಿದದ್ದು ಪಾಕೆಟ್ ಸಾರಾಯಿ. ಹಲ್ಲಿನಲ್ಲಿ ತುದಿ ಕಚ್ಚಿ ಉಗುಳಿ, ನಿಂತಲ್ಲೇ ಬಾಯಿಗೆ ಹಿಂಡಿಕೊಳ್ಳುತ್ತಿದ್ದ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ ಅವನ ಜೊತೆಗಾರರಲ್ಲೂ ಒಬ್ಬ ಹೋಗಿದ್ದನಂತೆ. ಆದರೂ ಬಿಡಲಿಲ್ಲ. ಕೊನೆಗೆ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು. 2006ರಲ್ಲಿ ತೀರಿಕೊಂಡ. ಐವತ್ತಮೂರು ವರ್ಷ. ಸರ್ಕಾರ ಸಾರಾಯಿ ನಿಲ್ಲಿಸಿದ್ದು 2007ರ ಜುಲೈ 1ಕ್ಕೆ. ಚಿಕ್ಕಮ್ಮ ಆ ಸುದ್ದಿ ಕೇಳಿ ಒಂದೇ ಮಾತು ಅಂದಳು: ‘ಹೋದೊರ್ಸ ಎಲ್ಲಿಗೋಗಿದ್ರು?’

ಅವನು ಸಾಯುವ ನಾಲ್ಕು ವರ್ಷ ಮುಂಚೆ ನಡೆದದ್ದು ಹೇಳುತ್ತೇನೆ. 2002, ಒಂದು ಭಾನುವಾರ. ಪ್ರೆಸ್ಸಿಗೆ ಬಂದು ನನ್ನ ಲೇಬಲ್ ಪುಸ್ತಕ ಬಿಡಿಸಿ ಕೂತ. ಕಿಂಗ್‌ಫಿಶರ್ ಲೇಬಲ್ ಮೇಲೆ ಬೆರಳಿಟ್ಟು ಕೇಳಿದ.

‘ಲೋ ಮಗಾ, ಇದ್ರಲ್ಲಿ ಏನಂತ ಬರ್ದವ್ರೆ?’

‘ಕಿಂಗ್‌ಫಿಶರ್, ಚಿಕ್ಕಪ್ಪ.’

‘ಅಂಗಂದ್ರೆ?’

‘ಈ ಹಕ್ಕಿ ಹೆಸರು. ಕನ್ನಡದಲ್ಲಿ ಮಿಂಚುಳ್ಳಿ.’

ಅವನು ಪುಸ್ತಕ ಮುಚ್ಚಿ ನನ್ನನ್ನೇ ನೋಡಿದ. ‘ಮಿಂಚುಳ್ಳಿನಾ? ಬಾಗಲೂರ್ ಕೆರೆ ಏರಿ ಮ್ಯಾಲೆ ಕೂತ್ಕಂಡು ಮೀನ್ ಹಿಡಿಯೋದೇನ್ಲಾ? ಇಪ್ಪತ್ತೈದೊರ್ಸ ಅದನ್ನೇ ಕೈಯಾಗ್ ಇಡ್ಕಂಡಿದ್ನಾ? ಯಾವನೂ ಹೇಳ್ಲಿಲ್ವಲ್ಲೋ!’

ನನಗೆ ಉತ್ತರ ತೋಚಲಿಲ್ಲ. ನಾನೂ ಹೇಳಿರಲಿಲ್ಲವಲ್ಲ. ‘ನೀನು ಅಚ್ಚಾಕೋನು. ನಮ್ಮಕ್ಸರದಾಗೆ ಒಂದು ಮಾಡು, ನೋಡಾನ’ ಅಂದ.

ಮಾಡಿದೆ. ಬೋರ್ಡು ಬರೆಯುವ ಗೆಳೆಯನಿಂದ ಹೊಸದಾಗಿ ಒಂದು ಹಕ್ಕಿ ಬರೆಸಿದೆ. ಕಂಪನಿಯ ಹಕ್ಕಿ ಅಲ್ಲ, ನಮ್ಮ ಕೆರೆಯ ಹಕ್ಕಿ, ಬಾಯಲ್ಲಿ ಮೀನು. ಪೇಟೆ ಕಡೆ ಹೋಗಿ ಸತುವಿನ ಬ್ಲಾಕ್ ಮಾಡಿಸಿದೆ. ‘ಮಿಂಚುಳ್ಳಿ’ ಅಂತ ದಪ್ಪ ಅಕ್ಷರ ಬೇಕಿತ್ತು. ನಮ್ಮ ಮೊಳೆಗಳಲ್ಲಿ ಒತ್ತಕ್ಷರ ಕೆಳಗೆ ಇಳಿದು ಅಂಚಿಗೆ ತಗಲುತ್ತಿತ್ತು, ಎರಡು ಸಲ ಬಿಚ್ಚಿ ಕಟ್ಟಿದೆ. ಕಾಲಿನಲ್ಲಿ ತುಳಿಯುವ ಹಳೇ ಟ್ರೆಡಲ್‌ನಲ್ಲಿ ನೀಲಿ ಒಂದು ಸಲ, ಕೆಂಪು ಒಂದು ಸಲ. ಒಟ್ಟು ಹತ್ತು ಪ್ರತಿ. ಸೀಸೆಗೆ ಅಂಟಿಸಲಿಲ್ಲ. ಅಂಟಿಸಿದರೆ ಅಬಕಾರಿಯವರು ನಕಲಿ ಬಿಯರ್ ಅಂತ ನನ್ನನ್ನೂ ಟ್ರೆಡಲನ್ನೂ ಒಟ್ಟಿಗೆ ಹೊತ್ತೊಯ್ಯುತ್ತಿದ್ದರು. ಚಿಕ್ಕಪ್ಪ ಒಂದು ಪ್ರತಿ ಹಿಡಿದು ಬೆರಳಿಟ್ಟು ಓದಿದ. ಮಿಂ. ಚು. ಳ್ಳಿ. ನಾಲ್ಕನ್ನು ಗೋಡೌನಿನವರಿಗೆ ತೋರಿಸುತ್ತೇನೆ ಅಂತ ಜೇಬಿಗೆ ಹಾಕಿಕೊಂಡ. ಅವನು ಹೋದ ಮೇಲೆ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಒಳಗೆ ಮಡಿಸದೆ ಇಟ್ಟ ಒಂದು ಸಿಕ್ಕಿತು.

ಹಾಗಾದರೆ ಬಿಯರ್ ಸೀಸೆಯ ಮೇಲೆ ಕನ್ನಡವೇ ಇಲ್ಲವಾ? ಇದೆ! ನೋಡಿ, ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’. ಹೆಸರು ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಎಚ್ಚರಿಕೆ ಬೇಡ ಅನ್ನುತ್ತಿಲ್ಲ, ಚಿಕ್ಕಪ್ಪನಂಥವರಿಗಾಗಿ ಅದು ಇನ್ನೂ ದಪ್ಪಗೆ ಇರಲಿ. ಎಚ್ಚರಿಕೆ ಓದಲು ಕನ್ನಡ ಬೇಕು ಅಂತ ಗೊತ್ತಿರುವವರಿಗೆ ಹೆಸರು ಓದಲೂ ಬೇಕು ಅನ್ನುವುದು ಹೊಳೆಯಲಿಲ್ಲವಾ? ಕರ್ನಾಟಕದಲ್ಲಿ ತಯಾರಾಗುವ ಸಾಮಾನಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ಪಾಲಿಸಿ ಅಂತ ಮತ್ತೆ ತಾಕೀತು ಮಾಡಿತು. ಆದರೆ ಆ ಕಾನೂನಿನಲ್ಲೇ ‘ಸಾಧ್ಯವಾದಷ್ಟು ಮಟ್ಟಿಗೆ’ ಅಂತ ಒಂದು ಕಿಂಡಿ ಇದೆ. ಆ ಕಿಂಡಿಯಲ್ಲಿ ಆನೆ ತೂರುತ್ತದೆ. ಜಾಗ ಸಾಲದು, ಒತ್ತಕ್ಷರ ಕೂರುವುದಿಲ್ಲ ಅನ್ನುವವರು ನನ್ನ ಪ್ರೆಸ್ಸಿಗೆ ಬನ್ನಿ. ಅಂಗೈಯಗಲದ ಕಾಗದದಲ್ಲಿ ಮೊಳೆ ಜೋಡಿಸಿ ‘ಮಿಂಚುಳ್ಳಿ’ ಕೂರಿಸಿದವನು ನಾನು. ಕಂಪ್ಯೂಟರಿನಲ್ಲಿ ಎಳೆದಂತೆಲ್ಲ ಅಕ್ಷರ ಬಾಗುವ ಈ ಕಾಲದಲ್ಲಿ ಏನು ಕಷ್ಟ?

ಟ್ರೆಡಲ್ ಗುಜರಿಗೆ ಹೋಗಿ ವರ್ಷಗಳಾದವು, ಈಗ ಆಫ್‌ಸೆಟ್. ಹಕ್ಕಿಯ ಬ್ಲಾಕ್ ಮಾತ್ರ ಇಟ್ಟುಕೊಂಡಿದ್ದೇನೆ. ಉಳಿದ ಐದು ಲೇಬಲ್ಲುಗಳಲ್ಲಿ ಒಂದನ್ನು ಧೈರ್ಯ ಮಾಡಿ ಚಿಕ್ಕಪ್ಪ ತಂದಿದ್ದ ಹಳೇ ಸೀಸೆಯೊಂದಕ್ಕೆ ಅಂಟಿಸಿ ಪ್ರೆಸ್ಸಿನ ಕಿಟಕಿಯಲ್ಲಿಟ್ಟಿದ್ದೇನೆ. ಗಾಜಿನಲ್ಲಿ ಕಾರ್ಖಾನೆಯ ಹೆಸರು ಉಬ್ಬಿಕೊಂಡಿದೆ, ಬೆರಳಲ್ಲಿ ಸವರಿದರೆ ತಿಳಿಯುತ್ತದೆ. ಬಾಗಲೂರಿಗೆ ಬಂದರೆ ನೋಡಲು ಬನ್ನಿ. ನಮ್ಮ ಬಾಗಲೂರು, ಹೊಸೂರಿನ ಹತ್ತಿರದ್ದಲ್ಲ. ಆದರೆ ಆಸೆಯಿಂದ ಮುಚ್ಚಳ ತೆಗೆದುಬಿಡಬೇಡಿ. ಒಳಗಿರುವುದು ರೋಲರ್ ತೊಳೆಯುವ ಸೀಮೆಎಣ್ಣೆ.